ತಿಮ್ಮನಿಗೆ ವಯಸ್ಸಾಗಿಲ್ಲ

ಅಗಸ್ತ್ಯನಿಗೆ ಎಷ್ಟು ವಯಸ್ಸು? ಋಗ್ವೇದದ ಸೂಕ್ತಗಳಿಗೆ ತಗುಲಿಕೊಂಡಿರುವ ಹೆಸರು ಅದು. ಮೂರು ಸಾವಿರ ವರ್ಷಕ್ಕಂತೂ ಕಡಿಮೆಯಿಲ್ಲ. ಬಸವೇಶ್ವರನಗರದ ಯಾವುದೋ ಕಲ್ಯಾಣ ಮಂಟಪದಲ್ಲಿ ಆ ಹೆಸರನ್ನು ಮಗುವಿನ ಕಿವಿಯಲ್ಲಿ ಹೇಳಿ ನೋಡಿ, ಉಡುಗೊರೆ ಹಿಡಿದು ನಿಂತವರು 'ಎಷ್ಟು ಹೊಸದಾಗಿದೆ!' ಎನ್ನುತ್ತಾರೆ. ಅದೇ ಮಗುವಿಗೆ ಮುನಿಯಪ್ಪ ಎಂದು ಹೇಳಿ ನೋಡಿ. 'ಅಯ್ಯೋ, ಪಾಪ, ಅಷ್ಟು ಹಳೇ ಹೆಸರಾ?' ಅಗಸ್ತ್ಯನೂ ಮುನಿಯೇ, ಓಣಿಯ ಕೊನೆಯಲ್ಲಿ ಗುಡಿ ಕಟ್ಟಿಸಿಕೊಂಡು ಕೂತ ಮುನೇಶ್ವರನೂ ಮುನಿಯೇ. ಒಬ್ಬ ಸಾವಿರಾರು ವರ್ಷ ಕಳೆದೂ ಎಳೆಯ, ಇನ್ನೊಬ್ಬ ಅಜ್ಜನ ಕಾಲದವನಾಗಿಯೇ ಮುದುಕ.

ಗಂಡುಮಗುವಿನ ಹೆಸರಿನ ಮಾತು ಬಂದಾಗಲೆಲ್ಲ ಕೇಳಿಬರುವ ವಿವರಣೆ ಒಂದಿದೆ. ಹಳೆಯ ಹೆಸರು ಕಿವಿಗೆ ಒರಟು, ಕಾಲಕ್ಕೆ ಒಗ್ಗುವುದಿಲ್ಲ, ಇದು ಬರೀ ಅಭಿರುಚಿಯ ಪ್ರಶ್ನೆ, ಇದರಲ್ಲಿ ಹುಡುಕುವಂಥದ್ದೇನೂ ಇಲ್ಲ ಎಂಬುದು ಆ ವಿವರಣೆ. ಓದಿದವರು ಇದಕ್ಕೆ ಇನ್ನೊಂದು ಸೇರಿಸುತ್ತಾರೆ: ಹೆಸರಿನ ಜೊತೆ ಯಾರದೋ ನೆನಪು ಅಂಟಿಕೊಂಡಿರುತ್ತದೆ, ಹಾಸ್ಯನಟನದೋ, ರೌಡಿಯದೋ, ಬೈದು ಹೊಡೆದ ಮೇಷ್ಟರದೋ; ಅದಕ್ಕೇ ಆ ಹೆಸರು ಬೇಡವಾಗುತ್ತದೆ. ಈ ಎರಡನೆಯ ಮಾತು ಅರ್ಧ ನಿಜ. ನೆನಪು ಅಂಟುತ್ತದೆ, ಒಪ್ಪೋಣ. ಆದರೆ ಎಲ್ಲ ಹೆಸರಿಗೂ ಎಲ್ಲ ನೆನಪೂ ಒಂದೇ ಸಮ ಅಂಟುವುದಿಲ್ಲ. ಯಾವ ಹೆಸರಿಗೆ ಯಾವುದು ಅಂಟುತ್ತದೆ ಎಂಬುದನ್ನು ನೋಡಿದರೆ, ನಾವು 'ಹಳೇದು' ಎನ್ನುವಾಗ ವಯಸ್ಸನ್ನು ಅಳೆಯುತ್ತಿಲ್ಲ, ವಿಳಾಸ ಕೇಳುತ್ತಿದ್ದೇವೆ ಎಂದು ಗೊತ್ತಾಗುತ್ತದೆ.

ಮೊದಲು ಕಿವಿಯ ವಿಷಯ ಮುಗಿಸಿಬಿಡುತ್ತೇನೆ, ಅದರಲ್ಲಿ ಹೆಚ್ಚು ಹುರುಳಿಲ್ಲ. 'ತಿಮ್ಮ' ಒರಟು, 'ಟಿಮ್' ನಯ. 'ಮಾರ' ಹಳ್ಳಿ, 'ಮಾರ್ಕ್' ಕಂಪನಿಯ ಮಾಲೀಕ. 'ಬೋರ' ಎಂದರೆ ನಗು, 'ನೀಲ್ಸ್ ಬೋರ್' ಎಂದರೆ ಭೌತಶಾಸ್ತ್ರ. ನಾಲಿಗೆ ಹೊರಳುವುದು ಒಂದೇ ಥರ, ಕಿವಿಗೆ ಬೀಳುವುದೂ ಹೆಚ್ಚುಕಡಿಮೆ ಅದೇ ಸದ್ದು. ಸದ್ದಿನಲ್ಲಿ ದೋಷವಿದ್ದರೆ ಎರಡೂ ಕಡೆ ಇರಬೇಕಿತ್ತು.

ಇದಕ್ಕೆ ಬೆಂಗಳೂರಿನ ಪಶ್ಚಿಮ ಭಾಗದಷ್ಟು ಒಳ್ಳೆಯ ಪ್ರಯೋಗಶಾಲೆ ಇನ್ನೊಂದಿಲ್ಲ. ಇಲ್ಲಿನ ಬಡಾವಣೆಗಳ ಹೆಸರು ದೊಡ್ಡವು: ರಾಜಾಜಿ, ಬಸವೇಶ್ವರ, ವಿಜಯನಗರ, ಹಂಪಿನಗರ. ಅವುಗಳ ಅಡಿಯಲ್ಲಿ ಮುಚ್ಚಿಹೋದ ಹಳ್ಳಿಗಳ ಹೆಸರು ಬೇರೆ. ರಾಜಾಜಿನಗರದ ಮಗ್ಗುಲಿಗೆ ಕೇತಮಾರನಹಳ್ಳಿ ಇದೆ, ಅದರಾಚೆ ಮಾರಪ್ಪನಪಾಳ್ಯ. ವಿಜಯನಗರದ ಹೊಟ್ಟೆಯಲ್ಲಿ ಮಾರೇನಹಳ್ಳಿ, ಬಸವೇಶ್ವರನಗರದ್ದರಲ್ಲಿ ಸಾಣೇಗುರುವನಹಳ್ಳಿ. ಕೆಂಗೇರಿಯ ದಾರಿಯಲ್ಲಿ ಕೆಂಚೇನಹಳ್ಳಿ. ಕೇತ, ಮಾರ, ಗುರುವ, ಕೆಂಚ ಎಲ್ಲರೂ ಇಲ್ಲೇ ಇದ್ದಾರೆ, ನಮ್ಮ ಆಧಾರ್ ಕಾರ್ಡಿನ ಕೆಳಗಿನ ಸಾಲಿನಲ್ಲಿ, ಸೈಟಿನ ಖಾತೆಯಲ್ಲಿ, ಕೊರಿಯರ್ ಹುಡುಗನಿಗೆ ಫೋನಿನಲ್ಲಿ ಹೇಳುವ ದಾರಿಯಲ್ಲಿ. ಕೇತಮಾರನಹಳ್ಳಿಯಲ್ಲಿ ಸೈಟು ಇದೆ ಎಂದು ಹೇಳಿಕೊಳ್ಳಲು ಯಾರಿಗೂ ನಾಚಿಕೆಯಿಲ್ಲ, ಈಗಿನ ಬೆಲೆಯಲ್ಲಂತೂ ಹೆಮ್ಮೆಯೇ. ನಾಚಿಕೆಯಿರುವುದು ಕೇತನನ್ನಾಗಲಿ ಮಾರನನ್ನಾಗಲಿ ತೊಟ್ಟಿಲಿಗೆ ಹಾಕುವುದಕ್ಕೆ.

ತಿಮ್ಮನ ಕತೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ನೆನಪು ಅಂಟಿಕೊಳ್ಳುವುದರಿಂದಲೇ ಹೆಸರಿನ ಹಣೆಬರಹ ತೀರ್ಮಾನವಾಗುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದಿಲ್ಲ. ಈ ಹೆಸರಿನ ಹಿಂದೆ ಇರುವುದು ದೇವರು, ಅದೂ ದೇಶದ ಅತ್ಯಂತ ಶ್ರೀಮಂತ ದೇವರು. ತಿರುಪತಿಯ ವೆಂಕಟೇಶ ಕನ್ನಡಿಗರ ಬಾಯಲ್ಲಿ ತಿಮ್ಮಪ್ಪ. ಅನಂತರ ಬರುವುದು ಸಾಮ್ರಾಜ್ಯ: ಕೃಷ್ಣದೇವರಾಯನ ಮಹಾಮಂತ್ರಿ ಸಾಳುವ ತಿಮ್ಮರಸು, ದೊರೆಯೇ ಅಪ್ಪಾಜಿ ಎಂದು ಕರೆಯುತ್ತಿದ್ದನೆನ್ನುವ ಹಿರಿಯ. 1970ರ 'ಶ್ರೀ ಕೃಷ್ಣದೇವರಾಯ' ಚಿತ್ರದಲ್ಲಿ ಆ ಪಾತ್ರವನ್ನು ಬಿ.ಆರ್. ಪಂತುಲು ಮಾಡಿದ್ದನ್ನು ನೋಡಿದವರು ಇನ್ನೂ ನೆನೆಯುತ್ತಾರೆ. ಅನಂತರ ಸೇನೆ: ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ. ಅನಂತರ ತತ್ತ್ವ: 1943ರಲ್ಲಿ ಬಂದ 'ಮಂಕುತಿಮ್ಮನ ಕಗ್ಗ', ಕನ್ನಡದ ಮಧ್ಯಮ ವರ್ಗ ಭಗವದ್ಗೀತೆಯ ಪಕ್ಕದಲ್ಲೇ ಇಟ್ಟುಕೊಂಡಿರುವ ಪುಸ್ತಕ.

ದೇವರು, ಮಂತ್ರಿ, ದಂಡನಾಯಕ, ತತ್ತ್ವಜ್ಞಾನಿ. ಒಂದು ಹೆಸರಿಗೆ ಇದಕ್ಕಿಂತ ಹೆಚ್ಚಿನ ಶಿಫಾರಸು ಬೇಕೆ? ಆದರೂ ಆ ಹೆಸರು ಕೇಳಿದೊಡನೆ ಮೂಡುವ ಚಿತ್ರ ಪೆದ್ದನದು. ಬೀಚಿಯವರ ತಿಂಮ ಪೆದ್ದನಂತೆ ಮಾತಾಡಿ ಜಾಣರ ಬಾಯಿ ಮುಚ್ಚಿಸುವವನು, ಆದರೆ ಜನ ಇಟ್ಟುಕೊಂಡದ್ದು ಪೆದ್ದುತನವನ್ನು ಮಾತ್ರ. ಡಿವಿಜಿಯವರು ತಮ್ಮನ್ನು ತಾವೇ ಮಂಕುತಿಮ್ಮ ಎಂದು ಕರೆದುಕೊಂಡದ್ದು ವಿನಯದಿಂದ. ಆ ವಿನಯ ನಡೆಯುವುದೂ ತಿಮ್ಮ ಎಂದರೆ ದಡ್ಡ ಎಂಬ ಒಪ್ಪಂದ ಮೊದಲೇ ಇದ್ದುದರಿಂದ. ಮಂಕು ಅಗಸ್ತ್ಯ ಎಂದಿದ್ದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಇನ್ನೊಂದು ಸಂಗತಿ ಗಮನಿಸಿ: ಡಿವಿಜಿ ಎಂಬ ಮೂರು ಅಕ್ಷರದ ಕೊನೆಯ ಅಕ್ಷರ ಗುಂಡಪ್ಪ. ಶಾಲಾ ಮಕ್ಕಳ ಜೋಕುಗಳಲ್ಲಿ ಮೇಷ್ಟರಿಗೆ ಅಡ್ಡ ಉತ್ತರ ಕೊಡುವ ಗುಂಡನೂ ಆ ಗುಂಡಪ್ಪನೇ. ಒಬ್ಬ ಓದುಗನ ತಲೆಯಲ್ಲಿ ಈ ಇಬ್ಬರೂ ಒಬ್ಬರನ್ನೊಬ್ಬರು ಭೇಟಿಯಾಗುವುದೇ ಇಲ್ಲ. ಇನಿಷಿಯಲ್ಲು ಮಧ್ಯೆ ಗೋಡೆ ಹಾಕಿಬಿಟ್ಟಿದೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಕುವೆಂಪು ಆದಮೇಲೆ ಪುಟ್ಟಪ್ಪ ಎಂಬ ಹೆಸರಿಗೆ ಸಿಗಬೇಕಾಗಿದ್ದ ಕೀರ್ತಿಯೂ ಹೀಗೇ ಬೇರೆ ಖಾತೆಗೆ ಜಮೆಯಾಯಿತು. ಮೆಟ್ರೊ ನಿಲ್ದಾಣಕ್ಕೆ ಮಹಾಕವಿ ಕುವೆಂಪು ರಸ್ತೆ ಎಂಬ ಹೆಸರಿದೆ. ಪುಟ್ಟಪ್ಪ ರಸ್ತೆ ಎಂದಿದ್ದರೆ ಯಾರೋ ಹಳೆಯ ಕಾರ್ಪೊರೇಟರ್ ಇರಬೇಕು ಎಂದುಕೊಳ್ಳುತ್ತಿದ್ದೆವು.

ಗೌರವ ಇಳಿದು ಬರುವುದಿಲ್ಲ, ಅವಮಾನ ಮಾತ್ರ ಬರುತ್ತದೆ. ಕೆಂಪೇಗೌಡ ಎಂಬ ಹೆಸರಿಗೆ ಈ ಊರು ಕೊಟ್ಟಿರುವ ಮರ್ಯಾದೆ ಎಷ್ಟು ನೋಡಿ. ಬಸ್ ನಿಲ್ದಾಣ ಅವರದು, ಮೆಜೆಸ್ಟಿಕ್ಕಿನ ಮೆಟ್ರೊ ನಿಲ್ದಾಣ ಅವರದು, 2013ರಿಂದ ವಿಮಾನ ನಿಲ್ದಾಣ ಅವರದು, 2022ರ ನವೆಂಬರಿನಿಂದ ಅದರ ಮುಂದೆ ನಿಂತ 108 ಅಡಿಯ ಪ್ರತಿಮೆಯೂ ಅವರದು. ಸುದೀಪ್ ಆ ಹೆಸರಿನಲ್ಲಿ 2011ರಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟು ಬಂದರು. ಇಷ್ಟಾದ ಮೇಲೂ ತೊಟ್ಟಿಲಲ್ಲಿ ಕೆಂಪನಿಲ್ಲ. ಬಸವಣ್ಣನವರನ್ನು ಸರ್ಕಾರ 2024ರ ಜನವರಿಯಲ್ಲಿ ಕರ್ನಾಟಕದ ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಅವರ ಹೆಸರಿನ ಬಡಾವಣೆಯಲ್ಲೇ ಮಗುವಿಗೆ ಬಸವ ಎಂದಿಡಲು ಹೊರಟರೆ ಮನೆಯಲ್ಲೇ ಯಾರೋ ಒಬ್ಬರು ಕೋಲೆ ಬಸವನನ್ನು ನೆನಪಿಸುತ್ತಾರೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಎಪ್ಪತ್ತು, ಎಂಬತ್ತರ ದಶಕದ ಬೆಂಗಳೂರನ್ನು ನಡುಗಿಸಿದ ರೌಡಿಗಳಲ್ಲಿ ಕೊತ್ವಾಲ್ ರಾಮಚಂದ್ರ ಒಬ್ಬ. ಅವನಿಂದ ರಾಮಚಂದ್ರ ಎಂಬ ಹೆಸರಿಗೆ ಒಂದು ಗೀರಾದರೂ ಬಿತ್ತೇ? ಯಾರೂ 'ಅಯ್ಯೋ, ರೌಡಿಯ ಹೆಸರು' ಎನ್ನಲಿಲ್ಲ. ಕೆಡುಕನ್ನು ಕೊತ್ವಾಲನ ಲೆಕ್ಕಕ್ಕೆ ಬರೆದು ರಾಮಚಂದ್ರನನ್ನು ಬಿಟ್ಟುಬಿಟ್ಟೆವು. 2000ದ ಜುಲೈನಲ್ಲಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನು ಹೊತ್ತೊಯ್ದು 108 ದಿನ ಕಾಡಿನಲ್ಲಿ ಇಟ್ಟುಕೊಂಡ. ಆಗಿನಿಂದ ವೀರಪ್ಪ ಎಂಬ ಹೆಸರು ಹೋಯಿತು ಎಂದು ಹೇಳುವವರಿದ್ದಾರೆ. ಹೋಗಿರಬಹುದು, ಆದರೆ ಅದು ಹೊರಟು ಆಗಲೇ ಬಹಳ ಕಾಲವಾಗಿತ್ತು. 'ಅಪ್ಪ' ಎಂದು ಮುಗಿಯುವ ಹೆಸರುಗಳೆಲ್ಲ ವೀರಪ್ಪನ ಜೊತೆಗೇ ಹೊರಟವು, ಅವಕ್ಕೆ ಯಾವ ಕಾಡುಗಳ್ಳನ ನೆಪವೂ ಇರಲಿಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಸ್ಟ್ಯಾನ್ಲಿ ಲೀಬರ್‌ಸನ್ ಹೆಸರುಗಳ ಬಗ್ಗೆಯೇ ಬರೆದು 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದೇ ಜಾಡಿನ ವಾದವಿದೆ: ಹೆಸರಿನ ಏರಿಳಿತಕ್ಕೆ ನಾವು ಹುಡುಕುವ ಹೊರಗಿನ ಕಾರಣಗಳು, ಆ ನಟ, ಆ ಘಟನೆ, ನಾವು ಭಾವಿಸುವಷ್ಟು ದೊಡ್ಡ ಪಾತ್ರ ವಹಿಸುವುದಿಲ್ಲ.

ಸಿನಿಮಾವನ್ನು ಬೈಯುವುದು ಸುಲಭ, ಅಷ್ಟೇ ಅನ್ಯಾಯ. ಸಿನಿಮಾ ಈ ತಾರತಮ್ಯವನ್ನು ಹುಟ್ಟಿಸಲಿಲ್ಲ, ಅದಕ್ಕೆ ಕನ್ನಡಿ ಹಿಡಿದು ಟಿಕೆಟ್ ಮಾರಿತು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, 1954ರ 'ಬೇಡರ ಕಣ್ಣಪ್ಪ'ದಿಂದ ರಾಜ್‌ಕುಮಾರ್. ನಾಡು ಕಂಡ ಅತ್ಯಂತ ಕನ್ನಡದ ನಟನಿಗೂ ಹುಟ್ಟುಹೆಸರು ಪರದೆಗೆ ಸಾಲಲಿಲ್ಲ. 1972ರ 'ಬಂಗಾರದ ಮನುಷ್ಯ' ನೋಡಿ ಪಟ್ಟಣ ಬಿಟ್ಟು ಬೇಸಾಯಕ್ಕೆ ಹೋದವರ ಕತೆ ಇಂದಿಗೂ ಹೇಳುತ್ತಾರೆ. ನಿರ್ದೇಶಕರ ಹೆಸರು ಸಿದ್ದಲಿಂಗಯ್ಯ, ಮಣ್ಣಿಗೆ ಮರಳುವ ನಾಯಕನ ಹೆಸರು ರಾಜೀವ. ಮಣ್ಣು ಬೇಕಿತ್ತು, ಮಣ್ಣಿನ ಹೆಸರು ಬೇಕಿರಲಿಲ್ಲ. 2006ರ 'ಮುಂಗಾರು ಮಳೆ'ಯಲ್ಲಿ ಹುಡುಗ ಪ್ರೀತಂ, ಒಂದು ಕಾಲದಲ್ಲಿ ಪ್ರೇಮಿಗಳ ಪ್ರೇಮಿಯಾಗಿದ್ದ ದೇವದಾಸ ಎಂಬ ಹೆಸರು ಹೋಗಿ ಮೊಲದ ಮೇಲೆ ಕೂತಿತು. 'ಕೆಜಿಎಫ್'ನ ರಾಕಿಗೆ ಹುಟ್ಟುಹೆಸರು ರಾಜಾ ಕೃಷ್ಣಪ್ಪ ಬೈರ್ಯ ಎಂಬುದು ಎಷ್ಟು ಜನರಿಗೆ ನೆನಪಿದೆ? 'ಕಾಟೇರ'ಕ್ಕೆ ಶಿಳ್ಳೆ ಹೊಡೆದು ಬಂದವರು ಮಗನಿಗೆ ಹೆಸರು ಹುಡುಕುವಾಗ ಬೇರೆಯದೇ ಪಟ್ಟಿ ತೆಗೆಯುತ್ತಾರೆ. ಮಂಡ್ಯ ಸೀಮೆಯ 'ತಿಥಿ' ಮಾತ್ರ ಇದನ್ನು ಉಪದೇಶವಿಲ್ಲದೆ ತೋರಿಸಿತು: ಸೆಂಚುರಿ ಗೌಡ, ಅವನ ಮಗ ಗಡ್ಡಪ್ಪ, ಅವನ ಮಗ ತಮ್ಮಣ್ಣ, ಅವನ ಮಗ ಅಭಿ. ನಾಲ್ಕು ತಲೆಮಾರಿನಲ್ಲಿ ಹೆಸರು ಊರು ಬಿಟ್ಟು ಹೋಗುವ ದಾರಿ ಅಷ್ಟು ನೇರ.

ಹಾಗಾದರೆ ಅವಮಾನ ಈ ಹೆಸರುಗಳಿಗೇ ಏಕೆ ಅಂಟಿತು? ಕೂಗುವವರು ಯಾರು, ಕೂಗಿಸಿಕೊಳ್ಳುವವರು ಯಾರು ಎಂಬುದನ್ನು ನೋಡಬೇಕು. ಅಗ್ರಹಾರದಲ್ಲಿ ಕೃಷ್ಣಮೂರ್ತಿ ಕಿಟ್ಟಿಯಾದ, ನಾರಾಯಣ ನಾಣಿಯಾದ, ಶ್ರೀನಿವಾಸ ಸೀನುವಾದ, ಮೊಟಕಾದದ್ದು ಮುದ್ದಿಗೆ. ಹೊಲದ ಬದುವಿನಲ್ಲಿ ತಿಮ್ಮಯ್ಯ ತಿಮ್ಮನಾದ, ಮಾರಪ್ಪ ಮಾರನಾದ, ಬೋರಣ್ಣ ಬೋರನಾದ. ಮೊಟಕಾದದ್ದು ಒಡೆಯನ ಬಾಯಲ್ಲಿ, 'ಲೇ' ಎಂಬುದರ ಬೆನ್ನಿಗೆ. 'ಅಪ್ಪ', 'ಅಯ್ಯ', 'ಅಣ್ಣ' ಇವು ಆ ಹೆಸರುಗಳಿಗಿದ್ದ ಒಂದೇ ಒಂದು ಮೇಲಂಗಿ. ಅದನ್ನು ಕಸಿದ ಕೈ ಬಾಯಿಮಾತಿನದು ಮಾತ್ರವಲ್ಲ. ಹಳೆಯ ಕಂದಾಯ ದಾಖಲೆಗಳಲ್ಲಿ 'ಮಾರ ಬಿನ್ ಕರಿಯ' ಎಂಬ ಧಾಟಿಯ ನಮೂದುಗಳಿಗೆ ಬರವಿಲ್ಲ. ಶಾನುಭೋಗರ ಹೆಸರಿನ 'ರಾಯ'ವನ್ನು ಯಾವ ದಾಖಲೆಯೂ ಮರೆಯಲಿಲ್ಲ. ಇದೇನೂ ನಿನ್ನೆ ಮೊನ್ನೆಯ ಅಚಾತುರ್ಯವಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದ 31ನೆಯ ಶ್ಲೋಕ ಹೆಸರಿಡುವ ಬಗ್ಗೆ ಸ್ಪಷ್ಟವಾಗಿದೆ: ಬ್ರಾಹ್ಮಣನ ಹೆಸರು ಮಂಗಳಕರವಾಗಿರಬೇಕು, ಶೂದ್ರನದು ಜುಗುಪ್ಸೆ ಹುಟ್ಟಿಸುವಂತಿರಬೇಕು. ಅಭಿರುಚಿ ಎಂದು ನಾವು ಕರೆಯುತ್ತಿರುವುದಕ್ಕೆ ಬಹಳ ಹಿಂದೆಯೇ ನಿಯಮಾವಳಿ ಬರೆದಾಗಿತ್ತು.

ಅತಿ ಒರಟು ಎನಿಸುವ ಹೆಸರುಗಳ ಒಳಗಂತೂ ಬೇರೆಯೇ ಕತೆಯಿದೆ. ಹುಟ್ಟಿದ ಮಕ್ಕಳು ಒಂದರ ಹಿಂದೆ ಒಂದು ತೀರಿಹೋದ ಮನೆಯಲ್ಲಿ ಮುಂದಿನ ಮಗುವಿಗೆ ತಿಪ್ಪ, ಕಲ್ಲ, ಗುಂಡ, ಹುಚ್ಚ, ಕಾಡ ಎಂದಿಡುತ್ತಿದ್ದರು. ಸಾವಿನ ಕಣ್ಣಿಗೆ ಬೇಡವಾದದ್ದಾಗಿ ಕಾಣಲಿ ಎಂದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತಿಯಿಂದ ಬಂದ ತಿಪ್ಪೇಸ್ವಾಮಿಗಳು ಬೇರೆ. ನಾನು ಹೇಳುತ್ತಿರುವುದು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ಬಂದ ಮಕ್ಕಳ ವಿಷಯ. ಪುಸ್ತಕ ನೋಡಿ ಆರಿಸಿದ ಯಾವ ಹೆಸರಿನಲ್ಲೂ ಇಷ್ಟು ಹಂಬಲ ಇರಲಾರದು.

ಇಷ್ಟು ಹೇಳಿದ ಮೇಲೆ ನನ್ನನ್ನು ಹಳೆಯ ಹೆಸರುಳಿಸುವ ಸಂಘಕ್ಕೆ ಸೇರಿಸಿಬಿಡುವ ಅಪಾಯವಿದೆ. ಆ ಸಂಘದವರ ಮಾತೂ ಸವೆದದ್ದೇ: ಈಗಿನ ತಂದೆತಾಯಿಗೆ ಸಂಸ್ಕೃತಿಯಿಲ್ಲ, ವಿಹಾನ್, ಅದ್ವಿಕ್, ರಿಯಾನ್ಶ್ ಎಂದು ನಾಲಿಗೆ ತಿರುಚುವ ಹೆಸರಿಡುತ್ತಾರೆ. ಪುಟ್ಟಪ್ಪನವರು ಮಕ್ಕಳಿಗೆ ಏನೆಂದಿಟ್ಟರು? ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ. 1938ರಲ್ಲಿ ಮಲೆನಾಡಿನ ಒಕ್ಕಲು ಮನೆತನದ ಕೂಸಿಗೆ ಪೂರ್ಣಚಂದ್ರ ತೇಜಸ್ವಿ ಎಂಬ ಹೆಸರು ಇಂದಿನ ರಿಯಾನ್ಶ್‌ಗಿಂತ ಹೆಚ್ಚು ವಿಚಿತ್ರವಾಗಿ ಕೇಳಿಸಿರಬೇಕು. ಶಿವರಾಮ ಕಾರಂತರ ಮಕ್ಕಳು ಹರ್ಷ, ಮಾಳವಿಕಾ, ಉಲ್ಲಾಸ್, ಕ್ಷಮಾ. ರಾಜಕಾರಣದಲ್ಲಿ ನೋಡಿದರೂ ಅಷ್ಟೇ: ದೊಡ್ಡೇಗೌಡ, ದೇವೇಗೌಡ, ಕುಮಾರಸ್ವಾಮಿ, ನಿಖಿಲ್. ಪ್ರತಿ ತಲೆಮಾರೂ ಅಪ್ಪನ ಹೆಸರಿನಿಂದ ಒಂದು ಮಜಲು ದೂರ ಹೋಗಿದೆ. ಅದರಲ್ಲಿ ಸಂಸ್ಕೃತಿದ್ರೋಹ ಕಾಣುವವರು ತಮ್ಮ ಮೊಮ್ಮಗನ ಶಾಲಾ ಪ್ರವೇಶ ಅರ್ಜಿಯಲ್ಲಿ ಬೋರೇಗೌಡ ಎಂದು ಬರೆಸಿ ಆಮೇಲೆ ಬರಲಿ.

ಕೆಲವರ ಮಟ್ಟಿಗೆ ಈ ದೂರ ಹೋಗುವಿಕೆ ಫ್ಯಾಷನ್ ಅಲ್ಲವೇ ಅಲ್ಲ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟೆವೆಲ್ ಖಾಸಗಿ ಕಂಪನಿಗಳ ಉದ್ಯೋಗ ಜಾಹೀರಾತುಗಳಿಗೆ, ವಿದ್ಯಾರ್ಹತೆ ಒಂದೇ, ಹೆಸರು ಮಾತ್ರ ಬೇರೆ ಇರುವ ಅರ್ಜಿಗಳನ್ನು ಕಳಿಸಿ ನಡೆಸಿದ ಅಧ್ಯಯನ ಪ್ರಕಟವಾಯಿತು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಕಡಿಮೆಯಿತ್ತು, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಇದನ್ನು ಅಧ್ಯಯನ ಓದಿ ತಿಳಿಯಬೇಕಾದ ಅಗತ್ಯ ಕೇರಿಯ ತಾಯಿಗೆ ಇರಲಿಲ್ಲ. ಕರಿಯನ ಮಗ ಸಿದ್ಧಾರ್ಥ, ಮಾರನ ಮೊಮ್ಮಗ ಗೌತಮ್ ಆದದ್ದು ತಲೆಯೆತ್ತಿ ನಡೆಯುವುದಕ್ಕೆ. ಅವರ ಮುಂದೆ ನಿಂತು ನೆಲದ ಸೊಗಡನ್ನು ಉಳಿಸಿ ಎನ್ನುವುದು ಸೊಗಡು ತಾಗದಷ್ಟು ದೂರದಲ್ಲಿ ಬೆಳೆದವರ ಹವ್ಯಾಸ. ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ರಾಜಾಜಿನಗರದ ಬೇಲಿಗೆ ಅಂಟಿಕೊಂಡ ಶ್ರೀರಾಮಪುರದಲ್ಲಿ ಬೆಳೆದ ಕವಿ ಸಿದ್ದಲಿಂಗಯ್ಯ ಆ ಹೆಸರಿನ 'ಅಯ್ಯ'ವನ್ನು ಯಾರ ಬಾಯೂ ನುಂಗದಂತೆ ಮಾಡಿದರು, ನಿಜ. ಆದರೆ ಹೆಸರಿನ ಮರ್ಯಾದೆ ಉಳಿಸಲು ಪ್ರತಿಯೊಬ್ಬನೂ ಕವಿಯಾಗಬೇಕು ಎಂಬ ಷರತ್ತು ಹಾಕಲಾಗದು.

ನನ್ನ ತಕರಾರು ಹೆಸರು ಬದಲಿಸಿದವರ ಮೇಲಲ್ಲ, ಅದಕ್ಕೆ ಕೊಡುವ ಕಾರಣದ ಮೇಲೆ. 'ಹಳೇದಾಯ್ತು' ಎಂದಾಗ ತಪ್ಪೆಲ್ಲ ಕಾಲದ ಮೇಲೆ ಬೀಳುತ್ತದೆ, ಯಾರ ಕೈಯೂ ಕೊಳೆಯಾಗುವುದಿಲ್ಲ. ಇದರ ಜೊತೆಗೆ ಬರುವ ಸಮಾಧಾನವೂ ಒಂದಿದೆ: ಫ್ಯಾಷನ್ ಚಕ್ರದ ಹಾಗೆ, ಮುತ್ತಾತನ ಹೆಸರು ತಾನಾಗಿ ತಿರುಗಿ ಬರುತ್ತದೆ ಬಿಡಿ. ಇಂಗ್ಲೆಂಡಿನಲ್ಲಿ ಹಾಗಾಗಿದೆ. 1920ರ ದಶಕದ ನಂತರ ಮರೆಯಾಗಿದ್ದ ಆರ್ಥರ್ 2018ರಲ್ಲಿ ಅಲ್ಲಿನ ಗಂಡುಮಕ್ಕಳ ಮೊದಲ ಹತ್ತು ಹೆಸರುಗಳಿಗೆ ಮರಳಿತು. ಅಜ್ಜ ಕಣ್ಣೆದುರು ಇರುವವರೆಗೆ ಆರ್ಥರ್ ಎಂದರೆ ಕೆಮ್ಮು, ಕೋಲು. ಅಜ್ಜ ಹೋಗಿ ಒಂದು ತಲೆಮಾರು ಕಳೆದ ಮೇಲೆ ಆರ್ಥರ್ ಎಂದರೆ ದೊರೆ. ನಮ್ಮಲ್ಲೂ ಚಕ್ರ ತಿರುಗುತ್ತಿದೆ, ಆದರೆ ಅದು ಹೊತ್ತು ತರುತ್ತಿರುವುದು ಯಾರನ್ನು? ಅಗಸ್ತ್ಯ, ನಚಿಕೇತ, ವೇದಾಂತ್, ರುದ್ರ, ಅದ್ವೈತ್. ಸಂಸ್ಕೃತದ ಅಟ್ಟದ ಮೇಲಿದ್ದವೆಲ್ಲ ಧೂಳು ಕೊಡವಿಕೊಂಡು ಇಳಿದಿವೆ. ಕೆಂಚ, ಮಾರ, ಮುನಿಯಪ್ಪ ಆ ಚಕ್ರ ಹತ್ತಿಲ್ಲ. ಅಜ್ಜನ ಕೆಮ್ಮು ಮರೆತುಹೋಗಬಲ್ಲದು. ಆದರೆ ಇಲ್ಲಿ ಹೆಸರಿಗಂಟಿದ್ದು ಒಬ್ಬ ಅಜ್ಜನ ನೆನಪಲ್ಲ, ಕೂಗುವವರು ಮತ್ತು ಕೂಗಿಸಿಕೊಳ್ಳುವವರ ನಡುವಿನ ಲೆಕ್ಕ. ಅದು ಇನ್ನೂ ಚುಕ್ತಾ ಆಗಿಲ್ಲ.

ಕೊಡಗಿನಲ್ಲಿ ಕಾರ್ಯಪ್ಪ, ಮುತ್ತಣ್ಣ, ಪೊನ್ನಪ್ಪ, ಬೋಪಣ್ಣ ನಗೆಪಾಟಲಾಗದೆ ಉಳಿದದ್ದಕ್ಕೂ ಇದೇ ಕಾರಣವಿರಬೇಕು. 1949ರ ಜನವರಿ 15ರಂದು ಸೇನೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯ ಕೆ.ಎಂ. ಕಾರ್ಯಪ್ಪ. ಅಲ್ಲಿ ಆ ಹೆಸರು ಹೊತ್ತವರ ಹೆಗಲಲ್ಲಿ ಕೋವಿಯಿತ್ತು, ಕಾಲ ಕೆಳಗೆ ಸ್ವಂತ ತೋಟವಿತ್ತು. ಬಯಲುಸೀಮೆಯಲ್ಲಿ ಅದೇ ಕರಿಯಪ್ಪ ಚರ್ಮದ ಬಣ್ಣದ ಮೇಲಿನ ತಮಾಷೆ.

ಹಳೆಯ ಹೆಸರುಗಳು ಉಳಿಯುವುದಕ್ಕೆ ತಾವೇ ಒಂದು ಕಳ್ಳದಾರಿ ಹುಡುಕಿಕೊಂಡಿವೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಸರ್‌ನೇಮ್ ಎಂಬ ಕಲಂ ಇದೆ. ಹಳೇ ಮೈಸೂರಿನ ಬಹಳ ಮನೆಗಳಲ್ಲಿ ಕುಲನಾಮ ಬರೆಯುವ ರೂಢಿಯಿಲ್ಲ, ಇರುವುದು ಇನಿಷಿಯಲ್ಲು. ಅದನ್ನು ಬಿಡಿಸಿ ಬರೆದರೆ ಅಪ್ಪನ ಹೆಸರು ಹೊರಬರುತ್ತದೆ. ವಿಜಯನಗರದಲ್ಲಿ ಟಿ. ನಿತಿನ್ ಆಗಿ ಬೆಳೆದ ಹುಡುಗ ಸಿಯಾಟಲ್‌ನ ಕಚೇರಿಯಲ್ಲಿ ದಿನವಿಡೀ ಮಿಸ್ಟರ್ ತಿಮ್ಮಯ್ಯ. ಅಲ್ಲಿಯವರು ಉಚ್ಚಾರಕ್ಕೆ ತಡವರಿಸುತ್ತಾರೆ, ನಗುವುದಿಲ್ಲ, ನಗಲು ಬೇಕಾದ ಇತಿಹಾಸ ಅವರ ಬಳಿ ಇಲ್ಲ. ಅವನ ಮಕ್ಕಳೂ ತಿಮ್ಮಯ್ಯ, ಮೊಮ್ಮಕ್ಕಳೂ ತಿಮ್ಮಯ್ಯ ಆಗುವವರೇ. ಕಾನೂನಿನ ಬಲದಿಂದ ಒಂದು ಹೆಸರು ವಂಶಕ್ಕೆ ಕಚ್ಚಿಕೊಂಡಿತು. ರಜೆಗೆಂದು ಊರಿಗೆ ಬಂದ ಆ ಮನೆಯ ಮಗುವನ್ನು ಮದುವೆ ಊಟದ ಪಂಕ್ತಿಯಲ್ಲಿ ಯಾರಾದರೂ ಹೆಸರು ಕೇಳಿದರೆ ಅದು ಶಾಲೆಯಲ್ಲಿ ಕಲಿಸಿದಂತೆ ಪೂರ್ತಿ ಹೇಳುತ್ತದೆ: 'ನೀಲ್ ತಿಮ್ಮಯ್ಯ.' ಪಕ್ಕದ ಎಲೆಯಲ್ಲಿ ಕೂತ ಅಜ್ಜಿ ಮೆಲ್ಲಗೆ ಮೊಣಕೈ ತಾಗಿಸುತ್ತಾರೆ. 'ಬರೀ ನೀಲ್ ಅಂದ್ರೆ ಸಾಕು ಕಣೋ ಪುಟ್ಟಾ.'